ಗುಡುಗಿನ ಕಾಲದ ಚಾರ್ಜರ್

ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ನನ್ನ ಗಂಡನ ಬೈಕ್ ನಿಂತಿರುತ್ತದೆ. ವರ್ಷದ ಬಹುಪಾಲು ನಿಂತಿರುವುದೇ ಅದರ ಉದ್ಯೋಗ. ಅವರು ಗಲ್ಫಿನಲ್ಲಿ ದುಡಿಯುತ್ತಾರೆ, ಅದು ಇಲ್ಲಿ ಹೊದಿಕೆ ಹೊದ್ದು ವಿಶ್ರಾಂತಿ ಪಡೆಯುತ್ತದೆ. ಇಬ್ಬರ ಯೋಗಕ್ಷೇಮವನ್ನೂ ನೋಡಿಕೊಂಡು ಮಧ್ಯದಲ್ಲಿ ಬೈಗಳು ತಿನ್ನುವುದು ನನ್ನ ಪಾಲಿಗೆ. ಭಾರದ ಬೈಕ್ ಅದು. ಕಿಕ್ ಇಲ್ಲ, ಬರೀ ಸೆಲ್ಫ್ ಸ್ಟಾರ್ಟ್. ಸ್ಟ್ಯಾಂಡಿನಿಂದ ಇಳಿಸುವುದೇ ನನ್ನಿಂದ ಆಗುವುದಿಲ್ಲ. ನನಗೆ ನನ್ನ ಸ್ಕೂಟರ್ ಉಂಟು, ದಿನಾ ಕಾಪುವಿನ ಹತ್ತಿರದ ಹೈಸ್ಕೂಲಿಗೆ ಹೋಗಿ ಬರಲು ಅದು ಧಾರಾಳ ಸಾಕು. ಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ.

ಮನೆ ಇರುವುದು ಶಂಕರಪುರದಲ್ಲಿ. ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ನಮ್ಮ ಕಡೆ ಅತ್ತೆಯನ್ನು ಮಾಮಿ ಎಂದು ಕರೆಯುವುದು, ಇಲ್ಲಿಯೂ ಹಾಗೇ ಬರೆಯುತ್ತೇನೆ. ಮಾವ ತೀರಿಕೊಂಡು ವರ್ಷಗಳಾದವು. ಮಾಮಿಯ ಪ್ರಪಂಚವೆಂದರೆ ಅಂಗಳದ ಮಲ್ಲಿಗೆ ಗಿಡಗಳು. ಬೆಳಗಾಗುವ ಮೊದಲೇ ಮೊಗ್ಗು ಕೊಯ್ಯುತ್ತಾರೆ, ಬಾಳೆನಾರಿನಲ್ಲಿ ಕಟ್ಟುತ್ತಾರೆ, ಮಾರಲು ಒಯ್ಯುವವರು ಬರುವಷ್ಟರಲ್ಲಿ ಹೂವಿನ ಚೆಂಡುಗಳನ್ನು ಎಲೆಯಲ್ಲಿ ಸುತ್ತಿ ಇಟ್ಟಿರುತ್ತಾರೆ. ನಾನು ಎದ್ದು ಕಾಫಿ ಮಾಡುವ ಹೊತ್ತಿಗೆ ಅವರ ಅರ್ಧ ದಿನದ ಕೆಲಸ ಮುಗಿದಿರುತ್ತದೆ. ಇದನ್ನು ಅವರು ಒಂದು ದಿನವೂ ಬಾಯಿಬಿಟ್ಟು ಹೇಳಿದವರಲ್ಲ. ಆದರೆ ನಾನು ಅಡುಗೆಮನೆಗೆ ಬಂದ ಕೂಡಲೇ ಗಡಿಯಾರದ ಕಡೆ ಒಮ್ಮೆ ನೋಡುತ್ತಾರೆ. ನಮ್ಮ ಮನೆಮಾತು ತುಳು. ಆಡಿದ ಮಾತುಗಳನ್ನು ನಮ್ಮೂರ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

ಹೊಸ ಬೈಕ್ ತೆಗೆದುಕೊಂಡ ಮೇಲೆ ಅವರು ಮೊದಲ ರಜೆಗೆ ಬಂದಾಗಲೇ ಅದರ ಬ್ಯಾಟರಿ ಸತ್ತುಹೋಗಿತ್ತು. ಓಡಿಸದೆ ಇಟ್ಟರೆ ಹಾಗಾಗುವುದೇ. ಹಾಗಾಗಿ ಅದರ ಮುಂದಿನ ಸಲ ನನ್ನ ಗಂಡ ಅಲ್ಲಿಂದ ಒಂದು ಚಾರ್ಜರ್ ತಂದರು. ಅಂಗೈಯಷ್ಟು ದೊಡ್ಡ ಕಪ್ಪು ಡಬ್ಬಿ, ಒಂದು ಕಡೆ ಪ್ಲಗ್, ಇನ್ನೊಂದು ಕಡೆ ಕೆಂಪು ಕಪ್ಪು ಎರಡು ಕ್ಲಿಪ್ಪು. ಬ್ಯಾಟರಿಗೆ ಸಿಕ್ಕಿಸಿ ಇಟ್ಟರೆ ಸಾಕು, ಬೇಕಾದಷ್ಟೇ ಚಾರ್ಜ್ ಕೊಡುತ್ತಾ, ಸಾಕಾದಾಗ ತಾನೇ ಕಡಿಮೆ ಮಾಡುತ್ತಾ ತಿಂಗಳುಗಟ್ಟಲೆ ಬ್ಯಾಟರಿಯನ್ನು ಜೀವಂತ ಇಡುತ್ತದೆಯಂತೆ. ಕರೆಂಟು ಹೋದರೂ ತೊಂದರೆ ಆಗಬಾರದೆಂದು ಶೆಡ್ಡಿನ ಸ್ವಿಚ್ ಬೋರ್ಡಿಗೆ ಇನ್‌ವರ್ಟರಿನ ಲೈನನ್ನೇ ಎಳೆಸಿದರು. ಹೊರಡುವ ದಿನ ತಾವೇ ಕೂತು ಕ್ಲಿಪ್ಪು ಹಾಕಿ, ಎಂತದೋ ಒತ್ತಿ, ಬೈಕಿಗೆ ಹೊದಿಕೆ ಹೊದಿಸಿದರು. ನನಗೆ ಕೊಟ್ಟ ಉಪದೇಶ ಒಂದೇ, ಏನನ್ನೂ ಮುಟ್ಟಬೇಡ, ಹಾಗೇ ಇರಲಿ. ನಾನು ಮುಟ್ಟಲಿಲ್ಲ. ಗಂಡನ ಮಾತನ್ನು ನಾನು ಅಷ್ಟು ಚಾಚೂ ತಪ್ಪದೆ ಪಾಲಿಸಿದ್ದು ಅದೊಂದೇ ಸಲವಿರಬೇಕು.

ಆ ಬೈಕ್ ಬಂದ ಕೂಡಲೇ ಸ್ಟಾರ್ಟ್ ಆಗಬೇಕು ಎನ್ನುವುದಕ್ಕೆ ಕಾರಣ ಉಂಟು. ಅವರ ರಜೆಯ ಮೊದಲ ಬೆಳಿಗ್ಗೆ ತಾಯಿ ಮಗ ಇಬ್ಬರೂ ಬೈಕಿನಲ್ಲಿ ಎಲ್ಲೂರಿನ ದೇವಸ್ಥಾನಕ್ಕೆ ಹೋಗಿ ಸೀಯಾಳ, ಅಂದರೆ ಎಳನೀರು, ಒಪ್ಪಿಸಿ ಬರುವುದು ಕ್ರಮ. ಮೊದಲ ಸಂಬಳದಲ್ಲಿ ಹಳೆಯ ಬೈಕ್ ತೆಗೆದುಕೊಂಡ ದಿನ ಶುರುವಾದದ್ದು, ಮದುವೆಯಾದ ಮೇಲೂ ನಿಲ್ಲಲಿಲ್ಲ. ಮಾಮಿ ಆ ದಿನ ಇಸ್ತ್ರಿ ಮಾಡಿದ ಸೀರೆ ಉಡುತ್ತಾರೆ, ದೇವರಿಗೆ ತಾವೇ ಕಟ್ಟಿದ ಮಲ್ಲಿಗೆಯನ್ನು ಎಲೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ, ತಲೆಗೆ ಹೆಲ್ಮೆಟ್ ಏರಿಸಿ ಒಂದೇ ಬದಿಗೆ ಕಾಲು ಹಾಕಿ ಕೂರುತ್ತಾರೆ. ಕಟಪಾಡಿಗೆ ಇಳಿದು, ಹೆದ್ದಾರಿ ಹಿಡಿದು, ಕಾಪು ದಾಟಿ ಹೋಗಿ ಬರುವಾಗ ಅವರ ಮುಖವನ್ನು ನೋಡಬೇಕು. ನನ್ನ ಸ್ಕೂಟರಿನ ಹಿಂದೆ ಕೂರಲು ಎಷ್ಟು ಸಲ ಕರೆದರೂ ಬಂದವರಲ್ಲ. ಅದು ಅಲ್ಲಾಡುತ್ತದಂತೆ.

ಚಾರ್ಜರ್ ಬಂದ ಮೇಲಿನ ಎರಡು ರಜೆಗಳಲ್ಲಿ ಆ ಸವಾರಿ ನಡೆಯಲಿಲ್ಲ. ಒಮ್ಮೆ ಬಂದದ್ದು ನವೆಂಬರಿನಲ್ಲಿ, ಇನ್ನೊಮ್ಮೆ ಮೇ ತಿಂಗಳಲ್ಲಿ. ಎರಡೂ ಸಲ ಬೆಳಿಗ್ಗೆ ಹೊದಿಕೆ ತೆಗೆದು ಗುಂಡಿ ಒತ್ತಿದರೆ ಬೈಕು ಟಿಕ್ ಟಿಕ್ ಎಂದಿತೇ ಹೊರತು ಏಳಲಿಲ್ಲ. ಎರಡೂ ಸಲ ಮಾಮಿ ಹೆಲ್ಮೆಟ್ ಹಿಡಿದುಕೊಂಡೇ ನಿಂತಿದ್ದರು. ಆಮೇಲೆ ರಿಕ್ಷಾ ಮಾಡಿಕೊಂಡು ಹೋದರು, ದೇವರಿಗೆ ಸೀಯಾಳ ಸಂದಿತು. ಮನೆಗೆ ಬಂದು ಮಾಮಿ ಹೆಲ್ಮೆಟನ್ನು ಒರೆಸಿ ಕಪಾಟಿನ ಮೇಲೆ ಇಟ್ಟರು. ಮಾತಾಡಿದ್ದು ನನ್ನ ಗಂಡ. ನಾನು ಸ್ವಿಚ್ ಆರಿಸಿಟ್ಟಿದ್ದೇನೆ ಎಂದೇ ಅವರ ತೀರ್ಮಾನ. ಕರೆಂಟು ಬಿಲ್ಲಿಗೆ ಹೆದರಿ ಆರಿಸಿದೆಯಾ ಎಂದು ಕೇಳಿದರು. ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುವಂಥದ್ದು, ನಾನೂ ಬಿಡಲಿಲ್ಲ. ಬ್ಯಾಟರಿ ಹೋದರೆ ಹೊಸತು ಹಾಕಬಹುದು. ಉಡುಪಿಯಲ್ಲಿ ಹೊಸತು ಹಾಕಿಸಿಯೂ ಆಯಿತು. ಆದರೆ ತಾವು ದೂರದಲ್ಲಿರುವಾಗ ತಮ್ಮ ಒಂದು ವಸ್ತುವನ್ನು ನೋಡಿಕೊಳ್ಳಲು ಈ ಮನೆಯಲ್ಲಿ ಜನ ಇಲ್ಲ ಎಂದು ಅವರು ಹೇಳಿದ್ದು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು.

ಈ ವರ್ಷ ಮಾರ್ಚಿನಲ್ಲಿ ಫೋನು ಬಂತು. ಮೇ ತಿಂಗಳಿಗೆ ಬರುತ್ತಾರಂತೆ. ಕಾರ್ಕಳದ ಅವರ ಸ್ನೇಹಿತರೊಬ್ಬರು ಬೈಕನ್ನು ಕೇಳಿದ್ದಾರಂತೆ, ಈ ಸಲವೂ ಅದು ಏಳದಿದ್ದರೆ ಅಲ್ಲಿಗೇ ಕೊಟ್ಟುಬಿಡುವುದಂತೆ. ಫೋನು ಸ್ಪೀಕರಿನಲ್ಲಿತ್ತು. ಹೂ ಕಟ್ಟುತ್ತಿದ್ದ ಮಾಮಿಯ ಬೆರಳು ನಿಂತವು, ಮತ್ತೆ ನಡೆದವು. ಮಗನ ವಸ್ತು, ಮಗನ ನಿರ್ಧಾರ ಎಂದು ಆಮೇಲೆ ನನ್ನ ಹತ್ತಿರ ಹೇಳಿದರು. ಆ ದಿನ ಮಧ್ಯಾಹ್ನ ಅವರು ಸರಿಯಾಗಿ ಊಟ ಮಾಡಲಿಲ್ಲ. ವರ್ಷಕ್ಕೊಮ್ಮೆ ಸಿಗುವ ಒಂದು ಸವಾರಿ, ಅದೂ ಕೈತಪ್ಪುವ ಹಾಗಾಯಿತಲ್ಲ ಎಂದು ಬೇಜಾರಾಯಿತು. ಜೊತೆಗೆ ಛಲವೂ ಬಂತು. ಇದರ ಮೂಲ ಹುಡುಕದೆ ಬಿಡುವುದಿಲ್ಲ ಎಂದುಕೊಂಡೆ.

ಶಾಲೆಯ ಪ್ರಯೋಗಾಲಯದಿಂದ ಮುಖ್ಯೋಪಾಧ್ಯಾಯರಿಗೆ ಹೇಳಿ ಒಂದು ಮಲ್ಟಿಮೀಟರ್ ತಂದೆ. ಒಂದು ಸಲಕ್ಕೆ ಒಂದೇ ಸಂಗತಿಯನ್ನು ಬದಲಿಸಿ ನೋಡಬೇಕು, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ ಎಂದು ಮಕ್ಕಳಿಗೆ ಪ್ರತಿವರ್ಷ ಗಂಟಲು ಹರಿಯುವಂತೆ ಹೇಳುತ್ತೇನೆ. ಮನೆಗೆ ಬಂದವಳು ಒಂದೇ ಸಂಜೆ ಎಲ್ಲವನ್ನೂ ಮಾಡಿದೆ. ಬ್ಯಾಟರಿಯ ತುದಿಗಳಲ್ಲಿ ಕೂತಿದ್ದ ಬಿಳಿ ಹಿಟ್ಟಿನಂಥದ್ದನ್ನು ಬಿಸಿನೀರಿಗೆ ಅಡುಗೆ ಸೋಡ ಹಾಕಿ ತಿಕ್ಕಿದೆ. ಕ್ಲಿಪ್ಪಿನ ಹಲ್ಲುಗಳನ್ನು ಮರಳುಕಾಗದದಿಂದ ಉಜ್ಜಿದೆ. ನಮ್ಮಲ್ಲಿ ಸಮುದ್ರದ ಗಾಳಿಗೆ ಬಾಗಿಲ ಚಿಲಕವೇ ವರ್ಷದೊಳಗೆ ತುಕ್ಕು ಹಿಡಿಯುತ್ತದೆ, ಇದು ಯಾವ ಲೆಕ್ಕ. ವಯರಿನ ನಡುವೆ ಇದ್ದ ಸಣ್ಣ ಫ್ಯೂಸನ್ನೂ ಬದಲಿಸಿದೆ. ಇಷ್ಟೆಲ್ಲ ಮಾಡಿ ಮೀಟರ್ ಹಿಡಿದರೆ ಬ್ಯಾಟರಿಯಲ್ಲಿ ಹನ್ನೆರಡು ವೋಲ್ಟೂ ಇಲ್ಲ. ಚಾರ್ಜರ್ ಮಾತ್ರ ಕೆಂಪು ದೀಪ ಹೊತ್ತಿಸಿಕೊಂಡು, ಏನೂ ಗೊತ್ತಿಲ್ಲದವರ ಹಾಗೆ ಕೂತಿತ್ತು. ಆ ದೀಪವನ್ನು ನಾನು ದಿನಾ ಶಾಲೆಗೆ ಹೋಗುವಾಗ ನೋಡುತ್ತಿದ್ದೆ. ದೀಪ ಉರಿಯುತ್ತದೆ ಎಂದರೆ ಕೆಲಸ ನಡೆಯುತ್ತಿದೆ ಎಂದೇ ತಿಳಿದಿದ್ದೆ.

ಮರುದಿನ ಅದನ್ನು ಬಿಚ್ಚಿ ಚೀಲಕ್ಕೆ ಹಾಕಿ, ಮಣಿಪಾಲ ಹತ್ತಿ ಪರ್ಕಳಕ್ಕೆ ಹೋದೆ. ಅಲ್ಲಿ ಇನ್‌ವರ್ಟರ್, ಮಿಕ್ಸಿ, ಫ್ಯಾನು ಎಲ್ಲ ರಿಪೇರಿ ಮಾಡುವ ಒಂದು ಅಂಗಡಿ ಉಂಟು. ಉತ್ತರ ಕರ್ನಾಟಕದ ಕಡೆಯಿಂದ ಬಂದು ನೆಲೆಸಿದವರು ಅದನ್ನು ನಡೆಸುತ್ತಾರೆ. ಅವರು ಚಾರ್ಜರನ್ನು ತಮ್ಮ ಮೇಜಿನ ಮೇಲಿದ್ದ ಬ್ಯಾಟರಿಗೆ ಸಿಕ್ಕಿಸಿ, ಅದರ ಬದಿಯನ್ನು ಒಮ್ಮೆ ಹೆಬ್ಬೆರಳಿನಲ್ಲಿ ಒತ್ತಿದರು. ಕೆಂಪಿನ ಪಕ್ಕದಲ್ಲಿ ಒಂದು ಹಸಿರು ದೀಪ ಹೊತ್ತಿತು. ಅಂಥದ್ದೊಂದು ದೀಪ ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಹೋಗಿ ನಾಳೆ ಬನ್ನಿ ಎಂದರು.

ಮರುದಿನ ಹೋದಾಗ, "ಇದಕ್ಕೇನೂ ಆಗಿಲ್ರಿ ಮೇಡಂ, ಚಲೋ ಐತಿ. ನಿಮ್ಮ ಬ್ಯಾಟ್ರೀನೇ ಹೋಗಿರಬೇಕು" ಎಂದು ಕೈಗಿತ್ತರು. ಬ್ಯಾಟರಿ ಹೊಸತು ಎಂದರೆ, ಹಂಗಾದ್ರ ಗಾಡಿ ವಯರಿಂಗ್ ನೋಡ್ಸಿ ಎಂದರು. ಬದಿಯಲ್ಲಿ ಒತ್ತಿದ್ದು ಎಂತ ಎಂದು ಕೇಳಿದ್ದಕ್ಕೆ ಅದು ಬೈಕಿಗೋ ಕಾರಿಗೋ ಎಂದು ತಿಳಿಸುವ ಗುಂಡಿ, ಶುರುವಿನಲ್ಲಿ ಒಮ್ಮೆ ಒತ್ತಿದರೆ ಮುಗಿಯಿತು ಎಂದರು.

ಮನೆಗೆ ತಂದು ಸಿಕ್ಕಿಸಿ ಒತ್ತಿದೆ. ಹಸಿರು ಬಂತು. ಮೀಟರ್ ಏರಿತು, ಹದಿಮೂರು ದಾಟಿ ನಿಂತಿತು. ದಿನಾ ಬೆಳಿಗ್ಗೆ ಹೊದಿಕೆ ಎತ್ತಿ ನೋಡುತ್ತಿದ್ದೆ, ಎಲ್ಲ ಸರಿ. ಗಂಡನಿಗೆ ಫೋಟೋ ತೆಗೆದು ಕಳಿಸಿದೆ. ಅವರಿಂದ ಒಂದು ಹೆಬ್ಬೆರಳಿನ ಚಿತ್ರ ಬಂತು. ನನಗೆ ಅದು ದೊಡ್ಡ ಪ್ರಶಸ್ತಿಯೇ.

ಏಪ್ರಿಲ್ ಬಂತು. ಶಾಲೆಗೆ ರಜೆಯಾದರೂ ನನಗೆ ಹತ್ತನೇ ತರಗತಿಯ ಉತ್ತರ ಪತ್ರಿಕೆ ತಿದ್ದುವ ಕೆಲಸಕ್ಕೆ ಉಡುಪಿಗೆ ಹೋಗಬೇಕಿತ್ತು. ಒಂದು ಬೆಳಿಗ್ಗೆ ಹೊದಿಕೆ ಎತ್ತಿದರೆ ಹಸಿರು ಇಲ್ಲ. ಮೀಟರ್ ಹನ್ನೆರಡೂವರೆಗಿಂತ ಕೆಳಗೆ. ನನಗೆ ಆ ಡಬ್ಬಿಯನ್ನು ತೆಗೆದು ಬಾವಿಗೆ ಎಸೆಯಬೇಕೆನಿಸಿತು. ಮತ್ತೆ ಒತ್ತಿದೆ, ಹಸಿರು ಬಂತು. ಕೆಲವು ದಿನ ಸರಿ, ಮತ್ತೆ ಇಲ್ಲ. ಪರ್ಕಳಕ್ಕೆ ಇನ್ನೊಮ್ಮೆ ಒಯ್ದೆ. ಅವರ ಮೇಜಿನ ಮೇಲೆ ಅದು ಮತ್ತೆ ಸಭ್ಯ ವಿದ್ಯಾರ್ಥಿಯ ಹಾಗೆ ವರ್ತಿಸಿತು. ಈ ಸಲ ಅವರು ನನ್ನನ್ನು ನೋಡಿದ ರೀತಿಯಲ್ಲೇ, ಇವರಿಗೆ ಬೇರೆ ಕೆಲಸ ಇಲ್ಲವೇ ಎಂಬುದು ಕಾಣುತ್ತಿತ್ತು. ಇಲಿಯೇ ವಯರು ಎಳೆಯುತ್ತಿದೆ ಎಂದು ಶೆಡ್ಡಿನಲ್ಲಿ ಬೋನು ಇಟ್ಟೆ. ಇನ್‌ವರ್ಟರಿನವರನ್ನು ಕರೆಸಿದೆ, ಲೈನು ಒಂದು ಕ್ಷಣವೂ ತಪ್ಪುತ್ತಿಲ್ಲ ಎಂದು ತೋರಿಸಿ ಹೋದರು. ನಾನು ನೋಡುತ್ತಿರುವಾಗ ಕೆಡದ ಯಂತ್ರ ನಾನು ಅತ್ತ ಹೋದ ಮೇಲೆ ಯಾಕೆ ಕೆಡುತ್ತದೆ ಎಂದು ಯೋಚಿಸಿ ತಲೆ ಚಿಟ್ಟು ಹಿಡಿಯಿತು. ಮಾಮಿ ದಿನಾ ಕೇಳುತ್ತಿದ್ದರು, ಇವತ್ತು ಎಂತ ಹೇಳ್ತದೆ ನಿನ್ನ ಮೀಟರು ಎಂದು. ಸರಿ ಇದ್ದರೆ ಖುಷಿಪಡುತ್ತಿದ್ದರು. ಇಲ್ಲದಿದ್ದರೆ ನನಗಿಂತ ಮೊದಲು ಅವರ ಮುಖ ಸಣ್ಣಗಾಗುತ್ತಿತ್ತು.

ಪತ್ರಿಕೆ ತಿದ್ದುವ ಕೆಲಸ ಮುಗಿದ ಮೇಲಿನ ಭಾನುವಾರ ಮಧ್ಯಾಹ್ನ. ವಿಪರೀತ ಸೆಕೆ. ಮಾಮಿ ಚಾವಡಿಯಲ್ಲಿ ಕೂತು ಮರುದಿನಕ್ಕೆ ಬಾಳೆನಾರು ಸೀಳುತ್ತಿದ್ದರು. ನಾನು ನೆಲದ ಮೇಲೆ ಮಲಗಿ ಫ್ಯಾನು ನೋಡುತ್ತಿದ್ದೆ. ಕಾರ್ಕಳದ ಕಡೆಯ ಆಕಾಶ ಕಪ್ಪಾಗಿತ್ತು. ದೂರದಲ್ಲಿ ಎಲ್ಲೋ ಪೀಪಾಯಿ ಉರುಳಿದ ಹಾಗೆ ಗುಡುಗಿತು. ಮಾಮಿ ನಾರನ್ನು ಪಕ್ಕಕ್ಕಿಟ್ಟು ಎದ್ದರು.

ಗುಡುಗು ಬಂದರೆ ನಮ್ಮ ಮನೆಯಲ್ಲಿ ಒಂದು ಕ್ರಮ ಉಂಟು. ನಮ್ಮದೊಂದೇ ಅಲ್ಲ, ಈ ಕರಾವಳಿಯ ಹೆಚ್ಚಿನ ಮನೆಗಳಲ್ಲಿ ಉಂಟು, ಆದರೆ ಮಾಮಿಯಷ್ಟು ಶ್ರದ್ಧೆಯಿಂದ ಮಾಡುವವರನ್ನು ನಾನು ಕಂಡಿಲ್ಲ. ಬಾಗಿಲ ಬಳಿ ಒಂದು ಜೊತೆ ರಬ್ಬರ್ ಚಪ್ಪಲಿ ಇರುತ್ತದೆ. ಅದನ್ನು ಹಾಕಿಕೊಂಡು ಒಳಗೆ ಓಡಾಡುವುದು ಗುಡುಗಿದಾಗ ಮಾತ್ರ. ಮೈ ಒರೆಸುವ ಒಣಗಿದ ಬೈರಾಸನ್ನು ಕೈಗೆ ಸುತ್ತಿಕೊಂಡು ಟಿವಿ, ಫ್ರಿಜ್ಜು, ಮಿಕ್ಸಿ, ಇಂಟರ್ನೆಟ್ಟಿನ ಡಬ್ಬಿ, ಎಲ್ಲದರ ಪ್ಲಗ್ಗನ್ನೂ ಒಂದೊಂದಾಗಿ ಕಿತ್ತು ದೂರ ಇಡುತ್ತಾರೆ. ಬಾಯಲ್ಲಿ ಗುಡುಗಿನ ಹೆದರಿಕೆ ಹೋಗಲು ಜಪಿಸುವ ಹೆಸರುಗಳು ನಡೆಯುತ್ತಿರುತ್ತವೆ. ಗುಡುಗು ನಿಂತ ಮೇಲೆ ಅದೇ ಕ್ರಮದಲ್ಲಿ ಎಲ್ಲವನ್ನೂ ಹಾಕುತ್ತಾರೆ. ಮದುವೆಯಾಗಿ ಬಂದಾಗಿನಿಂದ ನೋಡುತ್ತಿದ್ದೇನೆ, ಹಾಗಾಗಿ ಅದನ್ನು ಗಮನಿಸುವುದನ್ನೇ ಬಿಟ್ಟಿದ್ದೆ. ಗುಡುಗುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಆಗ ನಾನು ಕೆಲಸದಲ್ಲಿರುವವಳು.

ಆ ದಿನ ಅವರು ಒಳಗಿನ ಪ್ಲಗ್ಗುಗಳನ್ನೆಲ್ಲ ಕಿತ್ತು ಹಿಂದಿನ ಬಾಗಿಲು ತೆರೆದು ಅಂಗಳಕ್ಕೆ ಇಳಿದರು. ಮಂಡಿನೋವಿನವರು, ಮೆಟ್ಟಿಲನ್ನು ಗೋಡೆ ಹಿಡಿದು ಇಳಿಯುತ್ತಾರೆ. ಈ ಗುಡುಗಿನಲ್ಲಿ ಎಲ್ಲಿಗೆ ಎಂದು ನಾನು ಎದ್ದು ಹಿಂದೆ ಹೋದೆ. ಶೆಡ್ಡಿನ ಒಳಗೆ ಬೈರಾಸು ಸುತ್ತಿದ ಕೈಯಲ್ಲಿ ಚಾರ್ಜರಿನ ಪ್ಲಗ್ಗನ್ನು ಎಳೆಯುತ್ತಿದ್ದರು.

ನಾನು ಬಾಗಿಲಲ್ಲೇ ನಿಂತೆ. ಅವರು ನನ್ನನ್ನು ನೋಡಲಿಲ್ಲ. ಬೈಕಿನ ಹೊದಿಕೆ ಒಂದು ಕಡೆ ಜಾರಿತ್ತು, ಅದನ್ನು ಎಳೆದು ಸರಿ ಮಾಡಿದರು. ಸೀಟಿನ ಮೇಲೆ, ಮಲಗಿದ ಮಗುವಿಗೆ ತಟ್ಟುವ ಹಾಗೆ ಎರಡು ಸಲ ತಟ್ಟಿದರು. ಮತ್ತೆ ಗೋಡೆ ಹಿಡಿದುಕೊಂಡು ಮೇಲೆ ಬಂದರು. ಒಂದು ಗಂಟೆ ಗುಡುಗಿ, ನಾಲ್ಕು ಹನಿ ಬಿದ್ದು ನಿಂತಿತು. ಮಾಮಿ ಮತ್ತೆ ಹೋಗಿ ಪ್ಲಗ್ಗು ಹಾಕಿದರು, ಕೆಂಪು ದೀಪ ಬಂದದ್ದನ್ನು ನೋಡಿ ಸಮಾಧಾನದಿಂದ ಬಂದು ನಾರು ಸೀಳಲು ಕೂತರು. ನಾನು ಹೋಗಿ ಮೀಟರ್ ಹಿಡಿದೆ. ಹಸಿರು ಇಲ್ಲ, ಚಾರ್ಜ್ ಇಲ್ಲ. ಪ್ಲಗ್ಗು ಒಮ್ಮೆ ಕಳಚಿದರೆ ಆ ಡಬ್ಬಿ ತನಗೆ ಹೇಳಿದ್ದನ್ನೆಲ್ಲ ಮರೆತುಬಿಡುತ್ತದೆ. ಮತ್ತೆ ಹಾಕಿದರೆ, ಬದಿಯ ಗುಂಡಿಯನ್ನು ಯಾರಾದರೂ ಒತ್ತುವವರೆಗೆ ಕೆಂಪು ದೀಪ ಹೊತ್ತಿಸಿಕೊಂಡು ಸುಮ್ಮನೆ ಕೂರುತ್ತದೆ. ಪ್ಲಗ್ಗು ಕಳಚಿದ್ದಷ್ಟು ಹೊತ್ತು ಬ್ಯಾಟರಿಯಿಂದಲೇ ಸ್ವಲ್ಪ ಸ್ವಲ್ಪ ಕುಡಿಯುತ್ತದೆ ಎಂಬುದನ್ನೂ ಆಮೇಲೆ ಅಳೆದು ಕಂಡುಕೊಂಡೆ. ಗಂಡ ಬಂದ ಎರಡು ರಜೆಗಳೂ ನೆನಪಾದವು. ನವೆಂಬರ್ ಮತ್ತು ಮೇ. ಎರಡೂ ಗುಡುಗಿನ ಕಾಲದ ಬಾಲದಲ್ಲಿ.

ಮೊದಲು ನನಗೆ ಬಂದದ್ದು ಸಿಟ್ಟೇ. ಎಷ್ಟು ಬೈಗಳು ತಿಂದಿದ್ದೇನೆ, ಎಷ್ಟು ಸಲ ಪರ್ಕಳ ಹತ್ತಿ ಇಳಿದಿದ್ದೇನೆ, ಇಲಿಗೆ ಬೋನು ಇಟ್ಟಿದ್ದೇನೆ. ಆ ಕ್ಷಣವೇ ಫೋನು ಮಾಡಿ ನಿಮ್ಮ ಅಮ್ಮನ ಕೆಲಸ ನೋಡಿ ಎಂದು ಹೇಳಬೇಕೆಂದು ಕೈಯಲ್ಲಿ ಹಿಡಿದೂ ಆಗಿತ್ತು. ಆಮೇಲೆ ಸೀಟಿಗೆ ತಟ್ಟಿದ ಆ ಕೈ ಕಣ್ಣ ಮುಂದೆ ಬಂತು. ಗಂಡ ಸಣ್ಣವರಿದ್ದಾಗ ಈ ಮನೆಗೆ ಬಂದ ಮೊದಲ ಟಿವಿ ಸಿಡಿಲಿಗೆ ಸುಟ್ಟುಹೋಗಿತ್ತಂತೆ. ಮನೆಯಲ್ಲಿ ಟಿವಿ ಇಲ್ಲದೆ ಮಗ ಪಕ್ಕದ ಮನೆಯ ಕಿಟಕಿಯಲ್ಲಿ ನಿಂತು ನೋಡುವುದನ್ನು ಕಂಡು ಮಾಮಿ ಅತ್ತಿದ್ದರಂತೆ. ಆ ಮೇಲೆ ಸಿಡಿಲಿಗೆ ಮಗನ ಒಂದು ವಸ್ತುವೂ ಹೋಗಬಾರದು ಎಂದು ಅವರು ನಿಶ್ಚಯ ಮಾಡಿದ್ದರು. ಯಾರೂ ಹೇಳದೆ, ಯಾರಿಗೂ ಹೇಳದೆ, ನೋವಿನ ಮಂಡಿಯಲ್ಲಿ ಶೆಡ್ಡಿಗೆ ಇಳಿದು ಹತ್ತಿ ಕಾದಿದ್ದರು. ಆ ಬೈಕನ್ನು ನನ್ನ ಗಂಡನಿಗಿಂತ ಹೆಚ್ಚು ಪ್ರೀತಿಸಿದವರು ಇವರೇ, ಅದನ್ನು ಕೊಂದದ್ದೂ ಇವರೇ. ಇದನ್ನು ಅವರಿಗೆ ಹೇಳುವುದಾದರೂ ಹೇಗೆ? ನನ್ನಿಂದ ಆಗಲಿಲ್ಲ. ಫೋನು ಕೆಳಗಿಟ್ಟೆ.

ಗುಡುಗಿಗೆ ಪ್ಲಗ್ಗು ಕೀಳುವುದು ತಪ್ಪಲ್ಲ, ಅದನ್ನು ಬಿಡಿ ಎಂದು ವಿಜ್ಞಾನ ಕಲಿಸುವ ನಾನು ಹೇಳಲಾರೆ. ಹಾಗಾಗಿ ಮರುದಿನ ನನ್ನ ಕನ್ನಡಿಯ ಚೌಕಟ್ಟಿಗೆ ಅಂಟಿಸಿದ್ದ ಬಿಂದಿಗಳಲ್ಲಿ ದೊಡ್ಡ ಕೆಂಪು ಬಿಂದಿಯೊಂದನ್ನು ತೆಗೆದು ಚಾರ್ಜರಿನ ಗುಂಡಿಗೆ ಅಂಟಿಸಿದೆ. ಮಾಮಿಯನ್ನು ಕರೆದು ತೋರಿಸಿದೆ. ಗುಡುಗಿದಾಗ ಕಿತ್ತರೆ ಒಳ್ಳೆಯದೇ, ಮತ್ತೆ ಹಾಕಿದ ಮೇಲೆ ಈ ಬೊಟ್ಟನ್ನು ಒಮ್ಮೆ ಒತ್ತಬೇಕು, ಹಸಿರು ಬರುವವರೆಗೆ ನೋಡಬೇಕು ಎಂದೆ. ಅವರು ಒತ್ತಿದರು. ಹಸಿರು ಬಂತು. ಕೈ ಹಿಂದಕ್ಕೆಳೆದು ಸ್ವಲ್ಪ ಹೊತ್ತು ಅದನ್ನೇ ನೋಡಿದರು.

"ಮೊದಲೆಲ್ಲ ಇದನ್ನು ಒತ್ತಬೇಕಿತ್ತಾ?" ಎಂದು ಕೇಳಿದರು.

ಇಲ್ಲ ಮಾಮಿ, ಈಗೀಗ ಚಾರ್ಜರ್ ಹಳತಾಯಿತು, ಅದಕ್ಕೆ ಮರೆವು ಬಂದಿದೆ ಎಂದೆ. ಸುಳ್ಳು ಹೇಳಲು ನನಗೆ ಅಷ್ಟು ಚೆನ್ನಾಗಿ ಬರುವುದಿಲ್ಲ. ಅವರು ನನ್ನ ಮುಖವನ್ನೊಮ್ಮೆ ನೋಡಿ, ಹೌದಾ ಎಂದರು. ಗಿಡಕ್ಕೆ ನೀರು ಬಿಡಬೇಕು ಎಂದು ಹೊರಟುಹೋದರು. ಆ ದಿನ ಅವರು ಬಹಳ ಹೊತ್ತು ಮಲ್ಲಿಗೆಯ ನಡುವೆಯೇ ಇದ್ದರು.

ಆಮೇಲೆ ಬೇಕಾದಷ್ಟು ಗುಡುಗಿತು. ಪ್ರತಿಸಲವೂ ಚಪ್ಪಲಿ, ಬೈರಾಸು, ಶೆಡ್ಡು. ಪ್ರತಿಸಲವೂ ಆಮೇಲೆ ಬಂದು ಹಸಿರು ಬಂತು ಎಂದು ನನಗೆ ವರದಿ ಒಪ್ಪಿಸುತ್ತಿದ್ದರು. ನಾನು ಮನೆಯಲ್ಲಿ ಇಲ್ಲದಿದ್ದರೆ ಫೋನು ಮಾಡಿ ಹೇಳುತ್ತಿದ್ದರು. ಒಮ್ಮೆ ಮಣಿಪಾಲದಲ್ಲಿ ಡಾಕ್ಟರ ಎದುರು ಕೂತಿರುವಾಗಲೇ ಫೋನು ಬಂತು. ಹಸಿರು ಬಂತಾ ಎಂದು ನಾನು ಕೇಳಿದ್ದಕ್ಕೆ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ ಎಂದು ಡಾಕ್ಟರು ಕೇಳಿದರು.

ಮೇ ತಿಂಗಳ ಒಂದು ಸಂಜೆ ಗಂಡ ಬಂದಿಳಿದರು. ಮರುದಿನ ಬೆಳಿಗ್ಗೆ ಮೂವರೂ ಶೆಡ್ಡಿನ ಎದುರು ನಿಂತೆವು. ಮಾಮಿ ಇಸ್ತ್ರಿಯ ಸೀರೆ ಉಟ್ಟಿದ್ದರು, ಮಲ್ಲಿಗೆಯ ಪೊಟ್ಟಣ ಕೈಯಲ್ಲಿತ್ತು. ಹೆಲ್ಮೆಟ್ ಮಾತ್ರ ತಂದಿರಲಿಲ್ಲ. ಈ ಸಲವೂ ಏಳದಿದ್ದರೆ ಎಂದು ಹೆದರಿ ಒಳಗೇ ಇಟ್ಟಿದ್ದಾರೆ ಎಂದುಕೊಂಡೆ. ಗಂಡ ಕ್ಲಿಪ್ಪು ಬಿಡಿಸಿ ಬೈಕನ್ನು ಅಂಗಳಕ್ಕೆ ತಂದು ಗುಂಡಿ ಒತ್ತಿದರು. ಒಂದೇ ಸಲಕ್ಕೆ ಎದ್ದಿತು. ಮಲ್ಲಿಗೆ ಗಿಡದಲ್ಲಿದ್ದ ಹಕ್ಕಿಗಳು ಹಾರಿಹೋದವು.

ಗಂಡ ನನ್ನ ಕಡೆ ತಿರುಗಿ ನಕ್ಕರು. "ನೋಡಿದೆಯಾ ಮಾರಾಯ್ತಿ, ಮನಸ್ಸಿಟ್ಟು ನೋಡಿಕೊಂಡರೆ ಆಗ್ತದೆ ಅಲ್ವಾ?"

ಅವರು ಹೊಗಳಿದ್ದೇ. ಆದರೆ ಅದರೊಳಗೆ ಹಿಂದಿನ ಎರಡು ಸಲದ ತೀರ್ಪು ಹಾಗೇ ಇತ್ತು. ನಾಲಿಗೆಯ ತುದಿಗೆ ಬಂದದ್ದನ್ನು ನಾನು ನುಂಗಿಕೊಂಡೆ. ಅಷ್ಟರಲ್ಲಿ ಮಾಮಿ ಮುಂದೆ ಬಂದು ಬೈಕನ್ನು ಆರಿಸು ಎಂದು ಮಗನಿಗೆ ಕೈಸನ್ನೆ ಮಾಡಿದರು. ಆರಿಸಿದರು.

"ಹಿಂದೆ ಎರಡು ಸಲ ಕೆಡಿಸಿದ್ದು ನಾನು ಮಗಾ" ಎಂದರು. "ಗುಡುಗಿಗೆ ಪ್ಲಗ್ಗು ಕಿತ್ತು ಹಾಕ್ತಾ ಇದ್ದೆ. ಹಾಕಿದ ಮೇಲೆ ಒತ್ತಲಿಕ್ಕೆ ಉಂಟು ಅಂತ ನನಗೆ ಗೊತ್ತಿರಲಿಲ್ಲ. ಇವಳಿಗೆ ಗೊತ್ತಾಯಿತು. ಗೊತ್ತಾಗಿಯೂ ನಿನ್ನ ಹತ್ತಿರ ಹೇಳಲಿಲ್ಲ, ನನ್ನ ಹತ್ತಿರವೂ ಹೇಳಲಿಲ್ಲ. ನೀನು ಇವಳಿಗೆ ಹೇಳಿದ್ದೆಲ್ಲ ನನಗೆ ಕೇಳಿದೆ. ಅದು ನನಗೆ ಹೇಳಬೇಕಾದದ್ದು."

ಗಂಡ ಬೈಕಿನ ಕೀಲಿಯನ್ನು ಹಿಡಿದುಕೊಂಡು ನೆಲ ನೋಡುತ್ತಾ ನಿಂತರು. ಮಾಮಿ ಮಲ್ಲಿಗೆಯ ಪೊಟ್ಟಣವನ್ನು ನನ್ನ ಕೈಯಲ್ಲಿಟ್ಟರು.

"ಇವತ್ತು ನೀನು ಹೋಗು" ಎಂದರು.

ನಾನು ಆಗುವುದಿಲ್ಲ ಎಂದೆ. ಇದು ನಿಮ್ಮ ಸವಾರಿ, ಎರಡು ರಜೆ ಕಾದಿದ್ದೀರಿ ಎಂದೆ. ಅವರು ಕೇಳುವವರಲ್ಲ. ತಾವು ಕಟ್ಟಿದ ಹೂವನ್ನು ನನ್ನ ಕೈಯಲ್ಲಿ ದೇವರಿಗೆ ಕಳಿಸುವುದು ಎಂದು ಬೆಳಿಗ್ಗೆ ಕೊಯ್ಯುವಾಗಲೇ ತೀರ್ಮಾನಿಸಿದ್ದರಂತೆ. ಹಾಗೆಂದು ಅವರು ಹೇಳಿದಾಗ ನನಗೆ ಅಳು ತಡೆಯಲಾಗಲಿಲ್ಲ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಆ ಮೊದಲ ಬೆಳಗಿನ ಹಿಂದಿನ ಸೀಟು ನನಗೆ ಸಿಕ್ಕಿದ್ದು ಅದೇ ಮೊದಲು.

ಕಾಪು ದಾಟಿ, ಉಚ್ಚಿಲದಲ್ಲಿ ಒಳಗೆ ತಿರುಗಿದ ಮೇಲೆ ಗಂಡ, ನಾನು ಹಾಗೆ ಹೇಳಬಾರದಿತ್ತು ಎಂದರು. ಯಾವುದನ್ನು ಎಂದು ನಾನು ಕೇಳಲಿಲ್ಲ. ಇನ್ನೊಂದು ಸಮಯದಲ್ಲಾದರೆ ಖಂಡಿತ ಕೇಳುತ್ತಿದ್ದೆ. ಎಲ್ಲೂರಿನಲ್ಲಿ ಸೀಯಾಳ ಒಪ್ಪಿಸಿದೆವು, ಹೂವನ್ನು ಮಾಮಿಯ ಹೆಸರು ಹೇಳಿ ಕೊಟ್ಟೆವು.

ಹಿಂದೆ ಬಂದಾಗ ಮಾಮಿ ಗೇಟಿನಲ್ಲೇ ನಿಂತಿದ್ದರು. ತಲೆಯ ಮೇಲೆ ಹೆಲ್ಮೆಟ್, ಮಡಿಲಲ್ಲಿ ಇನ್ನೊಂದು ಹೂವಿನ ಪೊಟ್ಟಣ.

"ದಾರಿಯಲ್ಲಿ ಎಲ್ಲಿಯೂ ನಿಲ್ಲಲಿಲ್ಲ ಅಲ್ವಾ?" ಎಂದು ಕೇಳಿದರು.

ಇಲ್ಲ ಎಂದೆ.

"ಹಾಗಾದರೆ ನೀನು ಇಳಿ."

ಗಂಡ ಒಂದು ಲೋಟ ಕಾಫಿಯಾದರೂ ಕುಡಿಯುತ್ತೇನೆ ಎಂದದ್ದಕ್ಕೆ ಬಂದು ಕುಡಿ ಎಂದರು. ನನ್ನ ಭುಜ ಹಿಡಿದು ಸೀಟಿಗೆ ಏರಿ, ಒಂದೇ ಬದಿಗೆ ಕಾಲು ಹಾಕಿ, ಸೀರೆ ಸರಿಮಾಡಿಕೊಂಡು ಮಗನ ಬೆನ್ನಿಗೆ ಎರಡು ಸಲ ತಟ್ಟಿದರು. ಬೈಕ್ ಹೊರಟಿತು. ಕಟಪಾಡಿಯ ದಾರಿಗೆ ತಿರುಗುವವರೆಗೆ ನಾನು ಗೇಟು ಹಿಡಿದು ನೋಡುತ್ತಾ ನಿಂತೆ.

ಒಳಗೆ ಬಂದರೆ ಮೇಜಿನ ಮೇಲೆ ಗಂಡ ಬಿಟ್ಟುಹೋದ ಫೋನು ಹೊಡೆದುಕೊಳ್ಳುತ್ತಿತ್ತು. ಕಾರ್ಕಳದ ಸ್ನೇಹಿತರು. ಬೈಕಿನ ವಿಷಯ ಎಂತ ಆಯಿತು, ನಾಳೆ ಬಂದು ನೋಡಬಹುದಾ ಎಂದು ಕೇಳಿದರು. ಬೈಕನ್ನು ಕೊಡುವುದಿಲ್ಲ ಎಂದು ನಾನೇ ಹೇಳಿದೆ. ಅಲ್ಲ, ಅದನ್ನು ಅವರ ಹತ್ತಿರ ಒಮ್ಮೆ ಕೇಳಬೇಕಲ್ಲ ಎಂದರು.

"ಅವರ ಹತ್ತಿರ ಕೇಳಿ ಪ್ರಯೋಜನ ಇಲ್ಲ" ಎಂದೆ. "ಅವರ ಅಮ್ಮ ಈಗಷ್ಟೇ ಅದರಲ್ಲಿ ಹೋ‌ದರು. ಬಂದ ಮೇಲೆ ಫೋನು ಮಾಡಿ, ಅಮ್ಮನ ಹತ್ತಿರವೇ ಕೇಳಿ."